ಕ್ರಿಸ್ಮಸ್ ಮೊದಲಿನ ಅಂಗಳ: ಮೊದಲ ಕೊಯ್ಲಿನ ಅಡಿಕೆ ಒಣಗಿಸುವುದು ಹೇಗೆ?

ನವೆಂಬರ್ ಮುಗಿಯುತ್ತಾ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅಡಿಕೆ ಕೊಯ್ದಾಯ್ತು, ಇನ್ನೇನು ಮಾಡಬೇಕು? ಎಷ್ಟು ದಿನ ಒಣಗಬೇಕು? ರಾತ್ರಿ ಮುಚ್ಚಬೇಕಾ? ಕ್ರಿಸ್ಮಸ್ ಖರ್ಚಿಗೆ ಇದನ್ನೇ ಮಾರಬಹುದಾ? ಕೇಳುವವರಲ್ಲಿ ಹೆಚ್ಚಿನವರು ಬೆಂಗಳೂರಿನಿಂದಲೋ ಕೊಲ್ಲಿಯಿಂದಲೋ ವಾಪಸ್ ಬಂದು ಅಪ್ಪನ ತೋಟ ನೋಡಿಕೊಳ್ಳುತ್ತಿರುವವರು. ಚಿಕ್ಕಂದಿನಲ್ಲಿ ಅಂಗಳದ ತುಂಬ ಅಡಿಕೆ ನೋಡಿದ್ದಾರೆ, ಅದರ ಮೇಲೆ ಓಡಿ ಬೈಸಿಕೊಂಡಿದ್ದಾರೆ. ಒಣಗಿಸುವ ಕೆಲಸ ಮಾತ್ರ ಹಿರಿಯರದ್ದಾಗಿತ್ತು.

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಆಗುವುದಿಲ್ಲ. ಡಿಸೆಂಬರ್ 1ಕ್ಕೆ ಅಂಗಳಕ್ಕೆ ಬಿದ್ದ ಅಡಿಕೆ ಸರಿಯಾಗಿ ಒಣಗಲು ನಲವತ್ತರಿಂದ ನಲವತ್ತೈದು ದಿನ ಬೇಕು. ಅಂದರೆ ಜನವರಿ 10, 15 ಆಗುತ್ತದೆ. ಹಬ್ಬಕ್ಕೆ ದುಡ್ಡು ಬೇಕು ಅಂತ ಇಪ್ಪತ್ತು ದಿನಕ್ಕೇ ಸುಲಿದು ಅಂಗಡಿಗೆ ಒಯ್ದರೆ ದರ ಕಡಿಮೆ ಹೇಳುತ್ತಾರೆ. ತಪ್ಪು ಅಂಗಡಿಯವರದ್ದಲ್ಲ, ಒಳಗೆ ಹಸಿ ಇರುತ್ತದೆ. ಹಬ್ಬದ ಖರ್ಚಿಗೆ ಕಳೆದ ವರ್ಷದ ಅಡಿಕೆಯಲ್ಲಿ ಒಂದೆರಡು ಚೀಲ ಉಳಿಸಿಕೊಳ್ಳಿ. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸದಕ್ಕಿಂತ ಜಾಸ್ತಿ ದರ ಇರುತ್ತದೆ. ಈ ವರ್ಷವೇ ತೋಟಕ್ಕೆ ಇಳಿದವರು ತೆಂಗಿನಕಾಯಿ, ಬಾಳೆಗೊನೆ ಮಾರಿ ಹಬ್ಬ ದಾಟಿಸಿ. ಅಂಗಳದ ಅಡಿಕೆಗೆ ಕೈ ಹಾಕಬೇಡಿ.

ಇಲ್ಲಿ ಹೇಳುತ್ತಿರುವುದು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಚಾಲಿ ಅಡಿಕೆಯ ವಿಷಯ. ಚಾಲಿ ಅಂದರೆ ಪೂರ್ತಿ ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದದ್ದು. ಮಲೆನಾಡಿನ ಕೆಂಪಡಿಕೆ ಬೇರೆ. ಅದನ್ನು ಹಸಿಯಾಗಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸುತ್ತಾರೆ. ಅದರ ಲೆಕ್ಕವೇ ಬೇರೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲು ಬೀಳುವ ಅಂಗಳ, ಹಿಡಿಸೂಡಿ, ಬುಟ್ಟಿ, ಗೋಣಿಚೀಲ, ಒಳ್ಳೆಯ ಟಾರ್ಪಾಲು, ಅಡಿಕೆ ಮರದ ಉದ್ದನೆಯ ಸಲಾಕೆಗಳು. ಟಾರ್ಪಾಲಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ತೂತು ಬಿದ್ದ ಟಾರ್ಪಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಂತ 1: ಅಂಗಳ ಮಾಡುವುದು (ಕೊಯ್ಲಿಗೆ ಹತ್ತು ದಿನ ಮೊದಲು)

ನಾಲ್ಕು ತಿಂಗಳ ಮಳೆ ಕುಡಿದ ಮಣ್ಣಿನ ಅಂಗಳದಲ್ಲಿ ಹುಲ್ಲು, ಪಾಚಿ ಎಲ್ಲ ಇರುತ್ತದೆ. ಮೊದಲು ಅದನ್ನು ಹಾರೆಯಲ್ಲಿ ಕೆರೆಸಿ ತೆಗೆಯಿರಿ. ಪಾಚಿ ಉಳಿದರೆ ಅದರ ಮೇಲೆ ಬಳಿದ ಸೆಗಣಿ ಹತ್ತು ದಿನದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಆಮೇಲೆ ಮೇಲ್ಮಣ್ಣನ್ನು ತುಸು ಸಡಿಲ ಮಾಡಿ, ತಗ್ಗು ಇದ್ದಲ್ಲಿ ಹೊಸ ಮಣ್ಣು ತುಂಬಿಸಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು ಗಟ್ಟಿ ಮಾಡಿ. ಬಡಿಯುವಾಗ ಮಣ್ಣು ಹಲಗೆಗೆ ಅಂಟಿದರೆ ನೀರು ಜಾಸ್ತಿಯಾಗಿದೆ ಅಂತ. ಅರ್ಧ ದಿನ ಬಿಟ್ಟು ಮತ್ತೆ ಬಡಿಯಿರಿ.

ಅಂಗಳ ಒಂದು ಬದಿಗೆ ಸ್ವಲ್ಪ ಇಳಿಜಾರಾಗಿರಬೇಕು. ಇದನ್ನು ನೋಡಲು ಸುಲಭದ ದಾರಿ ಇದೆ. ಒಂದು ಕೊಡ ನೀರು ನಡುವಿನಲ್ಲಿ ಸುರಿಯಿರಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲೇ ನಾಳೆ ನಿಮ್ಮ ಅಡಿಕೆ ಕಪ್ಪಾಗುತ್ತದೆ.

ಇನ್ನು ಸೆಗಣಿ. ಇದು ನೋಡಲು ಸುಲಭ, ಮಾಡಲು ಕೈ ಪಳಗಬೇಕು. ಹೊಸ ಸೆಗಣಿಯನ್ನು ನೀರಿನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಹುಲ್ಲಿನ ಗಂಟುಗಳಿದ್ದರೆ ಕೈಯಲ್ಲೇ ತೆಗೆಯಿರಿ. ಒಂದು ಅಡಿಕೆ ಹಾಳೆಯನ್ನು ಅರ್ಧ ಚಂದ್ರನ ಹಾಗೆ ಕತ್ತರಿಸಿಕೊಳ್ಳಿ. ಹಾಳೆ ಅಂದರೆ ಸೋಗೆಯ ಬುಡದಲ್ಲಿರುವ ದಪ್ಪ ತೊಗಲಿನಂಥ ಭಾಗ. ಅದರ ಉಬ್ಬಿದ ಅಂಚನ್ನು ನೆಲಕ್ಕೆ ಒತ್ತಿ, ಗೋಡೆಯ ಕಡೆಯಿಂದ ಶುರು ಮಾಡಿ ಹಿಂದೆ ಹಿಂದೆ ಬರುತ್ತಾ ಎಳೆಯಿರಿ. ಒಂದು ಎಳೆತದ ಅಂಚು ಇನ್ನೊಂದರ ಮೇಲೆ ಎರಡು ಬೆರಳಷ್ಟು ಕೂರಬೇಕು. ದಪ್ಪ ಬಳಿಯಬೇಡಿ. ಒಣಗಿದ ಮೇಲೆ ಕಾಲಿಟ್ಟರೆ ಪುಡಿ ಏಳಬಾರದು, ಅಷ್ಟೇ. ಮೂರು ದಿನ ಬಿಟ್ಟು ಇನ್ನೊಂದು ಸಲ ಬಳಿದರೆ ಜನವರಿವರೆಗೆ ನಿಲ್ಲುತ್ತದೆ.

ಸಿಮೆಂಟ್ ಅಂಗಳದವರಿಗೆ ಇದೆಲ್ಲ ಬೇಡ, ತೊಳೆದು ಒಣಗಿಸಿದರೆ ಸಾಕು. ಇಂಟರ್‌ಲಾಕ್ ಹಾಕಿಸಿದವರು ಸಂದುಗಳನ್ನು ಗಮನಿಸಿ. ಅಲ್ಲಿ ನೀರು ಕೂತಿರುತ್ತದೆ. ಕೆಳಗೆ ಬಲೆಯೋ ಟಾರ್ಪಾಲೋ ಹಾಸಿಯೇ ಅಡಿಕೆ ಹರಡಿ.

ಹಂತ 2: ಕೊಯ್ಲು

ಒಂದು ಮರದ ಗೊನೆಗಳೆಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಮೂರು ನಾಲ್ಕು ಕೊಯ್ಲು. ಮೊದಲನೆಯದು ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ. ಗೊನೆಯಲ್ಲಿ ಹೆಚ್ಚಿನ ಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಬುಡದಲ್ಲಿ ಒಂದೊಂದೇ ಹಣ್ಣು ಬೀಳಲು ಶುರುವಾಗಿದ್ದರೆ ಕೊಯ್ಯಿರಿ. ಹಸುರು ಜಾಸ್ತಿ ಇರುವ ಗೊನೆ ಮುಂದಿನ ಕೊಯ್ಲಿಗಿರಲಿ. ಹಸಿಕಾಯಿ ಒಣಗಿದಾಗ ಸುಕ್ಕಾಗುತ್ತದೆ, ತೂಕವೂ ಬರುವುದಿಲ್ಲ.

ತೋಟಕ್ಕೆ ನೀರು ಬಿಡಲು ಶುರು ಮಾಡುವುದೂ ಇದೇ ಸಮಯದಲ್ಲಿ. ಸ್ಪ್ರಿಂಕ್ಲರ್ ಹಾಕಿದ ಮರುದಿನ ಕೊಯ್ಲು ಇಟ್ಟುಕೊಳ್ಳಬೇಡಿ, ಬಿದ್ದ ಅಡಿಕೆಯೆಲ್ಲ ಕೆಸರಾಗುತ್ತದೆ. ಮೊದಲು ಕೊಯ್ದು, ನೆಲ ನೋಡಿ ಹೆಕ್ಕಿ ಮುಗಿಸಿ, ಆಮೇಲೆ ನೀರು ಬಿಡಿ. ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಗೊನೆ ಅದರ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಮೆಣಸಿನ ಗೆರೆಗಳು, ಅಂದರೆ ಕಾಳಿನ ಗೊಂಚಲುಗಳು, ಈಗ ಇನ್ನೂ ಹಸುರು, ಒಂದು ಗೊನೆ ಬಿದ್ದರೆ ಅಷ್ಟೂ ಹೋಯಿತು.

ಈಗ ಒಂದು ಎಚ್ಚರಿಕೆ. ದಯವಿಟ್ಟು ಇದನ್ನು ಓದಿ ದಾಟಿಸಬೇಡಿ. ಮರ ಹತ್ತುವವರು ಸಿಗುವುದಿಲ್ಲ ಅಂತ ಈಗ ಎಲ್ಲರೂ ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿ ಇರುವ ಉದ್ದನೆಯ ಕೋಲು, ತಂದಿದ್ದಾರೆ. ನೆಲದಲ್ಲಿ ನಿಂತೇ ಕೊಯ್ಯಬಹುದು, ಬಹಳ ಒಳ್ಳೆಯ ಸಾಧನ. ಆದರೆ ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ ಥರ ಇದೆ ಅಂತ ಮೋಸ ಹೋಗಬೇಡಿ. ಅಲ್ಯೂಮಿನಿಯಂ ದೋಟಿಯೂ ಅಷ್ಟೇ. ತೋಟದ ಮೇಲೆ ಅಥವಾ ಅಂಚಿನಲ್ಲಿ ವಿದ್ಯುತ್ ತಂತಿ ಹೋಗಿದ್ದರೆ ಅದರ ಹತ್ತಿರದ ಮರಗಳನ್ನು ದೋಟಿಯಲ್ಲಿ ಮುಟ್ಟಲೇಬೇಡಿ. ಕೊಯ್ಯುವುದಕ್ಕಿಂತ ಹೆಚ್ಚಾಗಿ, ದೋಟಿಯನ್ನು ನೆಟ್ಟಗೆ ಹಿಡಿದು ಒಂದು ಮರದಿಂದ ಇನ್ನೊಂದಕ್ಕೆ ನಡೆಯುವಾಗಲೇ ತಂತಿ ಮರೆತುಹೋಗುವುದು. ಪ್ರತಿ ಸಲ ದೋಟಿಯನ್ನು ಗಿಡ್ಡ ಮಾಡಿಕೊಂಡೇ ಮುಂದೆ ಹೋಗಿ. ತಲೆಗೆ ಹೆಲ್ಮೆಟ್ ಇರಲಿ, ಬೈಕಿನದ್ದಾದರೂ ಸರಿ.

ಹಂತ 3: ಬಿಡಿಸಿ ಬೇರೆ ಮಾಡುವುದು (ಅದೇ ದಿನ, ತಪ್ಪಿದರೆ ಮರುದಿನ)

ಹೊಸಬರು ಹೆಚ್ಚು ನಷ್ಟ ಮಾಡಿಕೊಳ್ಳುವುದು ಇಲ್ಲೇ. ಕೊಯ್ದ ಅಡಿಕೆಯನ್ನು ಚೀಲದಲ್ಲಿ ತುಂಬಿ ಮೂಲೆಯಲ್ಲಿಟ್ಟು, ನಾಡಿದ್ದು ನೋಡೋಣ ಅನ್ನುತ್ತಾರೆ. ಹಣ್ಣಡಿಕೆಯ ರಾಶಿ ಒಳಗೊಳಗೇ ಬಿಸಿಯಾಗುತ್ತದೆ. ಕೈ ಹಾಕಿದರೆ ಬೆಚ್ಚಗಿರುತ್ತದೆ, ಹುಳಿ ವಾಸನೆ ಬರುತ್ತದೆ. ಅಲ್ಲಿಗೆ ಬೂಸ್ಟು ಶುರುವಾಯಿತು ಅಂತಲೇ ಲೆಕ್ಕ. ಇಂಥದ್ದೇ ಮುಂದೆ ಕರಿಗೋಟು ಆಗುವುದು. ಕರಿಗೋಟು ಅಂದರೆ ಕಪ್ಪಾಗಿ ಕೆಟ್ಟ ಅಡಿಕೆ. ಅದರ ದರಕ್ಕೂ ಒಳ್ಳೆಯ ಚಾಲಿಯ ದರಕ್ಕೂ ಬಹಳ ಅಂತರ.

ಗೊನೆಯಿಂದ ಬಿಡಿಸುವಾಗಲೇ ಮೂರು ಭಾಗ ಮಾಡಿ. ಚೆನ್ನಾಗಿ ಹಣ್ಣಾದದ್ದು ಒಂದು ಕಡೆ. ಅರೆ ಹಸುರು ಇನ್ನೊಂದು ಕಡೆ. ಒಡೆದದ್ದು, ಕೊಳೆರೋಗದ ಕಲೆ ಇರುವುದು, ನೆಲದಲ್ಲಿ ಬಹಳ ದಿನ ಬಿದ್ದಿದ್ದದ್ದು ಮೂರನೇ ಕಡೆ. ಮೂರನ್ನೂ ಒಣಗಿಸಬಹುದು, ಒಟ್ಟಿಗೆ ಮಾತ್ರ ಬೇಡ.

ಬಾವಲಿ ಸಿಪ್ಪೆ ಚೀಪಿ ಬೀಳಿಸಿದ ಅಡಿಕೆಯನ್ನು ಹಿಂದೆ ಮಕ್ಕಳೇ ಹೆಕ್ಕಿ ತರುತ್ತಿದ್ದರು. 2018ರಲ್ಲಿ ಕೇರಳದಲ್ಲಿ ಬಾವಲಿಯಿಂದ ಹರಡುವ ನಿಫಾ ಜ್ವರ ಬಂದ ಮೇಲೆ ನಮ್ಮ ಮನೆಯಲ್ಲಿ ಅದನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಕೈಗವಸು ಹಾಕಿಕೊಂಡು ಹೆಕ್ಕಿ, ಮತ್ತೆ ಸಾಬೂನು ಹಚ್ಚಿ ಕೈ ತೊಳೆಯಿರಿ.

ಹಂತ 4: ಹರಡುವುದು

ಒಂದೇ ಪದರ. ಅಡಿಕೆಯ ಮೇಲೆ ಅಡಿಕೆ ಕೂರಬಾರದು. ಅಂಗಳ ಸಾಲದಿದ್ದರೆ ಟೆರೇಸಿಗೆ ಹಾಕಿ, ಎರಡು ಪದರ ಮಾತ್ರ ಮಾಡಬೇಡಿ. ಕೊಯ್ಲಿನಿಂದ ಕೊಯ್ಲಿಗೆ, ಭಾಗದಿಂದ ಭಾಗಕ್ಕೆ ನಡುವೆ ಅಡಿಕೆ ಸಲಾಕೆ ಅಡ್ಡ ಇಡಿ. ಒಣಗುತ್ತಿರುವುದಕ್ಕೆ ಹಸಿ ಸೇರಿದರೆ ಯಾವುದು ಯಾವಾಗ ಆಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಹರಡಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಮನೆಯಿಂದ ಗೇಟಿನವರೆಗೆ ಎರಡು ಅಡಿ ಅಗಲದ ದಾರಿಯನ್ನು ಈಗಲೇ ಬಿಡಿ. ಯಾಕೆ ಅಂತ ಹಂತ 7ರಲ್ಲಿ ಹೇಳುತ್ತೇನೆ.

ಹಂತ 5: ದಿನದಿನದ ಆರೈಕೆ

ಡಿಸೆಂಬರ್ ಬೆಳಗ್ಗೆ ಆರೂವರೆಗೆ ಅಂಗಳಕ್ಕೆ ಬಂದು ನೋಡಿ. ಇಬ್ಬನಿ ಬಿದ್ದು ಪ್ರತಿಯೊಂದು ಅಡಿಕೆಯೂ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿರುತ್ತದೆ. ಒಂದನ್ನು ಎತ್ತಿದರೆ ಕೆಳಗೆ ಸೆಗಣಿ ನೆಲದಲ್ಲಿ ಒಣಗಿದ ದುಂಡನೆಯ ಗುರುತು, ಸುತ್ತ ಒದ್ದೆ. ಇದನ್ನು ನೋಡಿ ಹೆದರಿ ಫೋನ್ ಮಾಡುವವರಿದ್ದಾರೆ. ಮೊದಲ ಮೂರು ನಾಲ್ಕು ವಾರ ಇಬ್ಬನಿಗೆ ಹೆದರಬೇಕಿಲ್ಲ. ಸಿಪ್ಪೆಯಲ್ಲೇ ಇನ್ನೂ ಅದಕ್ಕಿಂತ ಜಾಸ್ತಿ ನೀರಿದೆ. ಹತ್ತು ಗಂಟೆಯ ಬಿಸಿಲಿಗೆ ಇಬ್ಬನಿ ಹೋಗುತ್ತದೆ. ಆದರೆ ಅದು ಆರುವ ಮೊದಲು ಅಡಿಕೆಯನ್ನು ಗುಡಿಸಿ ರಾಶಿ ಮಾಡಬೇಡಿ, ಚೀಲಕ್ಕೂ ತುಂಬಬೇಡಿ.

ಕೊನೆಯ ಹತ್ತು ದಿನ ಮಾತ್ರ ಲೆಕ್ಕ ಬೇರೆ. ಒಣಗಿದ ಸಿಪ್ಪೆ ತೇವವನ್ನು ಹತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಬಿಸಿಲು ಇಳಿಯುವ ಮೊದಲೇ ಅಡಿಕೆಯನ್ನು ಅಂಗಳದ ನಡುವಿಗೆ ಒಟ್ಟು ಮಾಡಿ ಮುಚ್ಚುತ್ತೇವೆ, ಬೆಳಗ್ಗೆ ನೆಲ ಒಣಗಿದ ಮೇಲೆ ಮತ್ತೆ ಹರಡುತ್ತೇವೆ.

ತಿರುಗಿಸುವುದು ವಾರಕ್ಕೊಮ್ಮೆ ಸಾಕು. ಮೊದಲ ವಾರ ಎರಡು ಸಲ ಮಾಡಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅಡಿ ಭಾಗ ಬೇಗ ಬೂಸ್ಟು ಹಿಡಿಯುವುದು ಆ ವಾರದಲ್ಲೇ. ಇದಕ್ಕೆ ಉಪಕರಣ ಬೇಕಿಲ್ಲ. ಎರಡು ಪಾದವನ್ನೂ ನೆಲದಿಂದ ಎತ್ತದೆ, ಅಡಿಕೆಯ ನಡುವೆ ಎಳೆಯುತ್ತಾ ಸಾಲಾಗಿ ನಡೆಯಿರಿ. ಪಾದದ ಎರಡೂ ಬದಿಗೆ ಅಡಿಕೆ ಉರುಳಿ ಮಗುಚಿಕೊಳ್ಳುತ್ತದೆ. ಹಿಂದೆ ನೋಡಿದರೆ ಉಳುಮೆ ಮಾಡಿದ ಹಾಗೆ ಗೆರೆ ಇರುತ್ತದೆ. ಮುಂದಿನ ಸಲ ಅಡ್ಡ ದಿಕ್ಕಿಗೆ ನಡೆಯಿರಿ. ಮಧ್ಯಾಹ್ನ ಹನ್ನೆರಡರ ನಂತರ ಮಾಡಿ, ಅಡಿಯಲ್ಲಿದ್ದ ಒದ್ದೆ ಮುಖಕ್ಕೆ ಬಿಸಿಲು ಪೂರ್ತಿ ಸಿಗುತ್ತದೆ.

ಕೋಳಿ ಕೆದಕದ ಹಾಗೆ, ನಾಯಿ ಬೆಚ್ಚಗಿದೆ ಅಂತ ಮೇಲೆ ಮಲಗದ ಹಾಗೆ, ಕರು ಬಾಯಿ ಹಾಕದ ಹಾಗೆ ಸುತ್ತ ಬಲೆ ಕಟ್ಟಿ.

ಹಂತ 6: ಮಳೆ ಬಂದರೆ

ಡಿಸೆಂಬರಿನಲ್ಲಿ ಮಳೆಯೇ ಅಂತ ಕೇಳಬೇಡಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತದ ಉಳಿಕೆ ನಮ್ಮವರೆಗೂ ಬರುತ್ತದೆ. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಹಾಗೇ ಬಂತು. ಕರಾವಳಿಯಲ್ಲಿ ಶಾಲೆಗೆ ರಜೆ ಕೊಡುವಷ್ಟು ಮಳೆ ಸುರಿಯಿತು. ಆ ಸಲ ನಾನು ಅಡಿಕೆ ಮುಚ್ಚಿದ್ದೆ, ಮಳೆಯಲ್ಲಿ ನೆನೆಯಲಿಲ್ಲ. ಆದರೆ ಎರಡು ದಿನ ಟಾರ್ಪಾಲು ತೆಗೆಯಲೇ ಇಲ್ಲ. ತೆಗೆದಾಗ ಟಾರ್ಪಾಲಿನ ಒಳಮೈಯಲ್ಲಿ ಬೆವರಿನ ಹಾಗೆ ನೀರು, ಅಡಿಕೆಯ ಮೇಲೆ ಬಿಳಿ ಬೂಸ್ಟು. ಒಂದು ಕೊಯ್ಲಿನ ಕಾಲು ಭಾಗ ಕರಿಗೋಟಾಯಿತು.

ಅದರಿಂದ ಕಲಿತದ್ದು ಇಷ್ಟು. ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಮೇಘದೂತ್ ಆ್ಯಪಿನಲ್ಲಿ ಜಿಲ್ಲೆವಾರು ಸಿಗುತ್ತದೆ. ಮಳೆ ಇದೆ ಅಂದರೆ ಅಡಿಕೆಯನ್ನು ಅಂಗಳದ ಎತ್ತರದ ಬದಿಗೆ ಒಟ್ಟು ಮಾಡಿ. ರಾಶಿಯ ನಡುವೆ ನಾಲ್ಕು ಬುಟ್ಟಿ ಕವುಚಿ ಹಾಕಿ, ಮೇಲೆ ಟಾರ್ಪಾಲು ಹೊದಿಸಿ. ಬುಟ್ಟಿ ಎತ್ತರವಾಗಿರುವುದರಿಂದ ಟಾರ್ಪಾಲು ಅಡಿಕೆಗೆ ಅಂಟುವುದಿಲ್ಲ, ಗಾಳಿಗೂ ಜಾಗ ಇರುತ್ತದೆ. ರಾಶಿಯ ಸುತ್ತ ಸಣ್ಣ ಕಣಿ ತೋಡಿ ನೀರಿಗೆ ದಾರಿ ಮಾಡಿ. ಮಳೆ ಒಂದು ಗಂಟೆ ಬಿಟ್ಟರೂ ಸಾಕು, ಟಾರ್ಪಾಲು ತೆಗೆದು ಗಾಳಿಯಾಡಿಸಿ. ಎರಡು ಮೂರು ದಿನ ಬಿಡುವುದೇ ಇಲ್ಲ ಅಂತಾದರೆ ಚಾವಡಿಗೋ ಕೊಟ್ಟಿಗೆಯ ಪಕ್ಕಕ್ಕೋ ಒಯ್ದು ತೆಳ್ಳಗೆ ಹರಡಿ ಫ್ಯಾನ್ ಹಾಕಿ.

ಪಾಲಿಥಿನ್ ಹೊದಿಸಿದ ಸೋಲಾರ್ ಗೂಡು ಮಾಡಿದವರಿಗೆ ಮಳೆಯ ಚಿಂತೆ ಕಡಿಮೆ, ಇಬ್ಬನಿಯದ್ದೂ ಇಲ್ಲ. ಖರ್ಚು ಮಾಡುವ ಶಕ್ತಿ ಇದ್ದರೆ ಖಂಡಿತ ಮಾಡಿಸಿ. ಆದರೆ ಬಿಸಿ ಗಾಳಿ ಮೇಲಿಂದ ಹೊರಗೆ ಹೋಗಲು ಕಿಂಡಿ ಇರಲೇಬೇಕು. ಕಿಂಡಿ ಇಲ್ಲದ ಗೂಡಿನಲ್ಲಿ ಹಸಿ ಅಡಿಕೆಯಿಂದ ಎದ್ದ ಆವಿ ರಾತ್ರಿ ನೀರಾಗಿ ಅಡಿಕೆಯ ಮೇಲೆಯೇ ತೊಟ್ಟಿಕ್ಕುತ್ತದೆ.

ಹಂತ 7: ಹಬ್ಬದ ವಾರ

ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಮೂರನೇ ವಾರ ಅಂದರೆ ಕೈ ಬಿಡುವಿಲ್ಲದ ಕೆಲಸ. ಅಡಿಕೆ ಆಗಿನ್ನೂ ಅರ್ಧ ಒಣಗಿರುತ್ತದೆ. ಒಳಗೆ ಕುಸ್ವಾರ್ ನಡೆದಿರುತ್ತದೆ. ಕುಸ್ವಾರ್ ಅಂದರೆ ಹಬ್ಬಕ್ಕೆ ಮಾಡಿ ನೆರೆಹೊರೆಗೆ ಹಂಚುವ ನೆವ್ರಿ, ಕಿಡಿಯೊ, ಗುಲಾಬಿ ಹೂವಿನಂಥ ಕೊಕ್ಕಿಸಾಂ, ಚಕ್ಕುಲಿ ಎಲ್ಲ ಸೇರಿ. ಎಲ್ಲರೂ ಎಣ್ಣೆ ಬಾಣಲೆಯ ಮುಂದೆ ಇರುವ ದಿನವೇ ಅಡಿಕೆ ಮಗುಚುವುದು ಮರೆತುಹೋಗುತ್ತದೆ. ಆ ವಾರದ ಸರದಿಯನ್ನು ಕರಿಯುವ ದಿನಕ್ಕೆ ಮೊದಲೇ ಮುಗಿಸಿ. ಒಲೆಗೆ ಕಳೆದ ವರ್ಷದ ಒಣ ಅಡಿಕೆ ಸಿಪ್ಪೆ ಇಟ್ಟುಕೊಳ್ಳಿ, ಚೆನ್ನಾಗಿ ಉರಿಯುತ್ತದೆ. ರಾಶಿಯನ್ನು ಮಾತ್ರ ಒಲೆಯಿಂದ ದೂರ ಇಡಿ.

ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು, ಅಂಗಳದ ಮೂಲೆಯಲ್ಲಿ ಮಾಡುವವರು ಅಡಿಕೆ ಹರಡುವ ಮೊದಲೇ ಜಾಗ ಬಿಟ್ಟಿರಿ. ನಾವು ಹಬ್ಬಕ್ಕೆ ಹತ್ತು ದಿನ ಇರುವಾಗ ತಟ್ಟೆಯಲ್ಲಿ ರಾಗಿ ಬಿತ್ತಿ ಗೋದಲಿಯ ಗದ್ದೆಗೆ ಹಸುರು ಮಾಡುತ್ತೇವೆ. ಆ ತಟ್ಟೆಗೆ ದಿನಾ ನೀರು ಹಾಕುವವರು ಅಡಿಕೆಯ ಮೇಲೆ ಚೆಲ್ಲದ ಹಾಗೆ ನೋಡಿಕೊಂಡರೆ ಸಾಕು.

ಹಂತ 4ರಲ್ಲಿ ದಾರಿ ಬಿಡಿ ಅಂದದ್ದು ಇದಕ್ಕೇ. 24ರ ರಾತ್ರಿ ಇಗರ್ಜಿಯಿಂದ ಬರುವಾಗ, 25ಕ್ಕೆ ನೆಂಟರು ಬಂದಾಗ ದಾರಿ ಇಲ್ಲದಿದ್ದರೆ ಎಲ್ಲರೂ ಅಡಿಕೆ ತುಳಿದೇ ಬರಬೇಕಾಗುತ್ತದೆ. ಉರುಟು ಅಡಿಕೆಯ ಮೇಲೆ ಕಾಲಿಟ್ಟು ಜಾರಿದರೆ ವಯಸ್ಸಾದವರ ಮೂಳೆಗೇ ಪೆಟ್ಟು. ದಾರಿಯ ಎರಡು ಬದಿಗೂ ಸಲಾಕೆ ಇಟ್ಟು, ನಕ್ಷತ್ರದ ಗೂಡುದೀಪವನ್ನು ಆ ದಾರಿಗೆ ಬೆಳಕು ಬೀಳುವ ಹಾಗೆ ಕಟ್ಟಿ. ವಾಹನ ಹೊರಗೇ ನಿಲ್ಲಲಿ. ಪಟಾಕಿಯನ್ನು ಅಂಗಳದಲ್ಲಿ ಬೇಡವೇ ಬೇಡ. ಒಣಗುತ್ತಿರುವ ಸಿಪ್ಪೆಗೂ ಮಡಚಿಟ್ಟ ಟಾರ್ಪಾಲಿಗೂ ಒಂದು ಕಿಡಿ ಸಾಕು.

ಹಂತ 8: ಒಣಗಿದೆಯಾ ನೋಡಿ ಎತ್ತುವುದು

ದಿನದ ಲೆಕ್ಕ ಅಂದಾಜಿಗೆ ಮಾತ್ರ. ನಲವತ್ತು ದಿನ ಆದ ಮೇಲೆ ಅಂಗಳದ ನಾಲ್ಕು ಮೂಲೆಯಿಂದ, ನಡುವಿನಿಂದ ಹತ್ತು ಅಡಿಕೆ ಆರಿಸಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಣಗಿದ್ದರೆ ಒಳಗಿನ ಅಡಿಕೆ ಸಿಪ್ಪೆಯಿಂದ ಬಿಟ್ಟು ಕಟಕಟ ಅನ್ನುತ್ತದೆ. ಶಬ್ದ ಬಂದ ಮಾತ್ರಕ್ಕೆ ನಂಬಬೇಡಿ. ಸುಲಿದು, ಅಡಿಕೆ ಕತ್ತರಿಯಲ್ಲಿ ಎರಡು ಹೋಳು ಮಾಡಿ. ಕತ್ತರಿ ಸಲೀಸಾಗಿ ಇಳಿದರೆ ಹಸಿ ಇದೆ. ಗಟ್ಟಿಯಾಗಿ ಟಕ್ ಅಂತ ಒಡೆದು, ಒಳಗೆ ಬಿಳಿಯ ಮೇಲೆ ಕಂದು ಗೆರೆ ಸ್ಪಷ್ಟವಾಗಿ ಕಂಡರೆ ಆಗಿದೆ. ಹತ್ತರಲ್ಲಿ ಒಂದು ಹಸಿ ಇದ್ದರೂ ಇನ್ನೊಂದು ವಾರ ಬಿಡಿ.

ಎತ್ತುವುದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ಆದರೆ ಬಿಸಿ ಬಿಸಿಯಾಗಿ ಚೀಲಕ್ಕೆ ತುಂಬಬೇಡಿ, ನೆರಳಿಗೆ ತಂದು ಆರಲು ಬಿಟ್ಟು ಆಮೇಲೆ ತುಂಬಿ. ಒಳಗೆ ಪ್ಲಾಸ್ಟಿಕ್ ಇರುವ ಗೋಣಿಚೀಲ ಒಳ್ಳೆಯದು. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಿ.

ತಕ್ಷಣ ಸುಲಿಯಲೇಬೇಕು ಅಂತಿಲ್ಲ. ಸಿಪ್ಪೆ ಸಮೇತ ಇಟ್ಟು ಬೇಕಾದಾಗ ಸುಲಿಸಬಹುದು. ಸುಲಿದ ಮೇಲೆ ಒಂದು ದಿನ ಮತ್ತೆ ಬಿಸಿಲಿಗೆ ಹಾಕಿ, ಪಟೋರ, ಉಳ್ಳಿ, ಕರಿಗೋಟು, ಕೋಕಾ ಅಂತ ಆರಿಸಿ ಬೇರೆ ಮಾಡಿ. ಇವೆಲ್ಲ ಒಡಕು, ಸುಕ್ಕು, ಕಪ್ಪು ಹೀಗೆ ದೋಷ ನೋಡಿ ಮಾಡುವ ಕೆಳಗಿನ ದರ್ಜೆಗಳು. ಆರಿಸುವುದನ್ನು ಕಲಿಯದೆ ಮಿಶ್ರ ಮಾಡಿ ಒಯ್ದರೆ ಎಲ್ಲದಕ್ಕೂ ಕಡಿಮೆ ದರವೇ ಸಿಗುತ್ತದೆ. ಮೊದಲ ವರ್ಷ ಒಂದೊಂದು ದರ್ಜೆಯ ಹತ್ತು ಅಡಿಕೆಯನ್ನು ಡಬ್ಬಿಯಲ್ಲಿ ಹಾಕಿ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಶಾಖೆಗೋ ಪರಿಚಯದ ಅಂಗಡಿಗೋ ಒಯ್ದು ಸರಿಯಾಗಿದೆಯಾ ಅಂತ ಕೇಳಿ. ಆ ಡಬ್ಬಿಯನ್ನು ಆರಿಸುವ ಜಾಗದಲ್ಲೇ ಇಟ್ಟುಕೊಳ್ಳಿ.

ಮೊದಲ ಕೊಯ್ಲಿನ ಅಡಿಕೆ ಎತ್ತಿದ ಜಾಗ ಖಾಲಿ ಬಿಡಬೇಡಿ. ಅದೇ ಸಂಜೆ ಗುಡಿಸಿ, ತೆಳ್ಳಗೆ ಸೆಗಣಿ ಬಳಿಯಿರಿ. ಮರುದಿನ ಮಧ್ಯಾಹ್ನಕ್ಕೆ ನೆಲ ಒಣಗುತ್ತದೆ, ಮುಂದಿನ ಕೊಯ್ಲಿನ ಅಡಿಕೆ ತಂದು ಹರಡಬಹುದು.